ಸಾಲು ಮೇಲೆ ಹೋಯಿತು, ಕರ್ಸರ್ ಅಲ್ಲೇ ನಿಂತಿತು

ಲಗ್ನಪತ್ರಿಕೆಯ ಕೆಲಸದಲ್ಲಿ ನಿಜವಾದ ಕಷ್ಟ ಇರುವುದು ಮುಹೂರ್ತದ ಸಾಲಿನಲ್ಲಲ್ಲ, ಕೊನೆಯ ಪಟ್ಟಿಯಲ್ಲಿ. ‘ತಮ್ಮ ಸುಖಾಗಮನವನ್ನು ಬಯಸುವವರು’ ಎಂಬ ತಲೆಬರಹದ ಕೆಳಗೆ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬುದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳಿವೆ. ಕಳೆದ ವೈಶಾಖದಲ್ಲಿ ಒಬ್ಬ ಗಿರಾಕಿ ನಮ್ಮ ಅಂಗಡಿಗೆ ಬಂದು, ಅತ್ತಿಗೆಯ ಕುರ್ಚಿಯ ಹಿಂದೆ ನಿಂತು, ಮದುಮಗಳ ಸೋದರಮಾವನ ಹೆಸರನ್ನು ನಾಲ್ಕು ಸಾಲು ಮೇಲಕ್ಕೆ ಹಾಕಿ ಎಂದರು. ಅತ್ತಿಗೆ ಆಲ್ಟ್ ಕೀ ಹಿಡಿದು ಮೇಲಿನ ಬಾಣವನ್ನು ನಾಲ್ಕು ಸಲ ಒತ್ತಿದರು. ಹೆಸರು ಅಲುಗಾಡಿದ್ದು ಕಾಣಿಸಿತು. ನೋಡಿದರೆ ಇದ್ದಲ್ಲೇ ಇದೆ. ಮತ್ತೆ ನಾಲ್ಕು ಸಲ ಒತ್ತಿದರು. ಮತ್ತೆ ಇದ್ದಲ್ಲೇ.

“ನಿಮ್ಮ ಕಂಪ್ಯೂಟರಿಗೂ ಆ ಮಾವನನ್ನು ಕಂಡರೆ ಆಗುವುದಿಲ್ಲವೇನಮ್ಮಾ?” ಎಂದು ಗಿರಾಕಿ ನಕ್ಕರು. ಅತ್ತಿಗೆ ನಗಲಿಲ್ಲ. ತಿರುಗಿ ನನ್ನನ್ನು ನೋಡಿದರು. ಟೈಪ್ ಮಾಡುವ ಆ ತಂತ್ರಾಂಶವನ್ನು, ಅಂದರೆ ಎಡಿಟರನ್ನು, ಅವರ ಕಂಪ್ಯೂಟರಿಗೆ ಹಾಕಿಕೊಟ್ಟವನು ನಾನೇ.

ಅಂಗಡಿ ಇರುವುದು ದಾವಣಗೆರೆಯ ಮಂಡಿಪೇಟೆಗೆ ಹತ್ತಿರದ ಒಂದು ಓಣಿಯಲ್ಲಿ. ಮೊದಲು ಅಪ್ಪನ ಟ್ರೆಡಲ್ ಮುದ್ರಣಯಂತ್ರ ಅಲ್ಲಿತ್ತು. ಅವರು ಮೊಳೆ ಜೋಡಿಸಿ ಅಚ್ಚು ಹಾಕಿದ ಒಂದು ಲಗ್ನಪತ್ರಿಕೆ ಇನ್ನೂ ಗೋಡೆಯ ಮೇಲಿದೆ. ಅದರಲ್ಲಿ ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಎಂದಿದೆ, ಅಂದರೆ 1997ಕ್ಕಿಂತ ಮುಂಚಿನದು. ಈಗ ಯಂತ್ರ ಹೋಗಿದೆ. ಅತ್ತಿಗೆ ಟೈಪ್ ಮಾಡುತ್ತಾರೆ, ಅಣ್ಣ ಪುಟ ಕಟ್ಟುತ್ತಾನೆ, ಅಚ್ಚು ಬೇರೆ ಕಡೆ ಆಗುತ್ತದೆ. ನಾನು ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ಇಲ್ಲೇ ಅಟ್ಟದ ಮೇಲೆ ಕುಳಿತು ಮಾಡುತ್ತೇನೆ.

ಅತ್ತಿಗೆ ಇಪ್ಪತ್ತು ವರ್ಷ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದವರು. ಅವುಗಳಲ್ಲಿ ತಲೆಕಟ್ಟು, ಕೊಂಬು, ಒತ್ತು, ದೀರ್ಘ ಎಲ್ಲವೂ ಬೇರೆ ಬೇರೆ ತುಂಡುಗಳು, ಒಂದರ ಪಕ್ಕ ಒಂದು ಕೂಡಿಸಿಟ್ಟ ಹಾಗೆ. ಆ ಕಡತಗಳನ್ನು ಅದೇ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಚಿಹ್ನೆಗಳ ಚಿತ್ರಾನ್ನ ಕಾಣುತ್ತದೆ. ಅದು ಸಾಕಾಗಿ, ಎರಡು ವರ್ಷದ ಹಿಂದೆ ನಾನೇ ಹಟ ಹಿಡಿದು ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರಸಂಕೇತಗಳಿಗೆ, ತಂದೆ. ಟೈಪ್ ಮಾಡಲು ಒಂದು ಮುಕ್ತ ತಂತ್ರಾಂಶದ ಪಠ್ಯ ಎಡಿಟರ್ ಹಾಕಿಕೊಟ್ಟೆ. ಅದರ ಹೆಸರು ಇಲ್ಲಿ ಬೇಡ. ಬಿಡುವಿನ ವೇಳೆಯಲ್ಲಿ ಪುಕ್ಕಟೆಯಾಗಿ ಅದನ್ನು ಕಟ್ಟಿದವರ ಮೇಲೆ ನನಗೆ ದೂರಿಲ್ಲ, ಮೂಲ ಕೋಡ್ ಕೈಯಲ್ಲಿದ್ದೂ ಎರಡು ವರ್ಷ ಅದನ್ನು ತೆರೆದು ನೋಡದ ನನ್ನ ಮೇಲೆಯೇ ಸ್ವಲ್ಪ ಇದೆ.

ಆಷಾಢ ಬಂತು. ಲಗ್ನಗಳಿಲ್ಲ, ಅಂಗಡಿ ಖಾಲಿ. ಅತ್ತಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ನನ್ನ ಮುಂದೆ ಇಟ್ಟರು. ಮೊದಲ ಪುಟದಲ್ಲಿ ಅಂಕಿ ಹಾಕಿ ಎಂಟು ದೂರುಗಳನ್ನು ಬರೆದಿದ್ದರು. “ಇವುಗಳಲ್ಲಿ ಯಾವುದು ನನ್ನ ತಪ್ಪು, ಯಾವುದು ನಿನ್ನ ಎಡಿಟರಿನ ತಪ್ಪು, ನೀನೇ ಹೇಳಪ್ಪಾ” ಎಂದರು.

ಮೊದಲ ದೂರು ಸೋದರಮಾವನದೇ. ಕೋಡ್ ತೆರೆದು ನೋಡಿದಾಗ ಕಾರಣ ಐದು ನಿಮಿಷದಲ್ಲಿ ಸಿಕ್ಕಿತು, ನಗುವೂ ಬಂತು. ಸಾಲನ್ನು ಮೇಲಕ್ಕೆ ಸರಿಸುವ ಆಜ್ಞೆ ಎರಡು ಸಾಲುಗಳನ್ನು ಅದಲುಬದಲು ಮಾಡುತ್ತಿತ್ತು, ಅದು ಸರಿಯಾಗಿಯೇ ಇತ್ತು. ಆದರೆ ಕರ್ಸರ್ ಹಿಂದಿನ ಸಾಲಿನ ಸಂಖ್ಯೆಯಲ್ಲೇ ಉಳಿಯುತ್ತಿತ್ತು. ಮಾವನ ಹೆಸರು ಹತ್ತನೆಯ ಸಾಲಿನಲ್ಲಿದೆ ಎನ್ನೋಣ. ಒಮ್ಮೆ ಒತ್ತಿದರೆ ಅದು ಒಂಬತ್ತಕ್ಕೆ ಹೋಗುತ್ತದೆ, ಒಂಬತ್ತರಲ್ಲಿದ್ದ ಚಿಕ್ಕಪ್ಪ ಹತ್ತಕ್ಕೆ ಇಳಿಯುತ್ತಾನೆ. ಕರ್ಸರ್ ಹತ್ತರಲ್ಲೇ ಇರುವುದರಿಂದ ಈಗ ಅದು ಚಿಕ್ಕಪ್ಪನ ಮೇಲೆ ಕುಳಿತಿದೆ. ಎರಡನೆಯ ಸಲ ಒತ್ತಿದರೆ ಚಿಕ್ಕಪ್ಪ ಮೇಲಕ್ಕೆ, ಮಾವ ಮತ್ತೆ ಕೆಳಕ್ಕೆ. ನಾಲ್ಕು ಸಲ, ಎಂಟು ಸಲ, ಎಷ್ಟು ಸಲ ಸಮಸಂಖ್ಯೆಯಲ್ಲಿ ಒತ್ತಿದರೂ ಫಲ ಸೊನ್ನೆ. ಬೆಸ ಸಂಖ್ಯೆಯಲ್ಲಿ ಒತ್ತಿದ್ದರೆ ಮಾವ ಕನಿಷ್ಠ ಒಂದು ಮೆಟ್ಟಿಲಾದರೂ ಹತ್ತುತ್ತಿದ್ದ.

ಇಷ್ಟು ಎದ್ದು ಕಾಣುವ ದೋಷ ಇಷ್ಟು ದಿನ ಹೇಗೆ ಉಳಿಯಿತು ಎಂಬುದು ನನಗೆ ಹೆಚ್ಚು ಕುತೂಹಲದ ಪ್ರಶ್ನೆ. ಆ ಆಜ್ಞೆ ಸರಿಯಾಗಿ ನಡೆಯುತ್ತದೆಯೇ ಎಂದು ತಾನಾಗಿ ನೋಡುವ ಪರೀಕ್ಷೆಗಳು ಕೋಡಿನಲ್ಲೇ ಇದ್ದವು, ಹನ್ನೊಂದು ಇದ್ದವು. ಎಲ್ಲವೂ ಪಾಸಾಗುತ್ತಿದ್ದವು. ಪ್ರತಿಯೊಂದೂ ಆಜ್ಞೆಯ ಮೊದಲು ಪಠ್ಯ ಹೇಗಿತ್ತು, ಆಮೇಲೆ ಹೇಗಾಯಿತು ಎಂದು ನೋಡುತ್ತಿತ್ತು. ಕರ್ಸರ್ ಎಲ್ಲಿದೆ ಎಂದು ಒಂದೂ ಕೇಳುತ್ತಿರಲಿಲ್ಲ. ಜೊತೆಗೆ ಪ್ರತಿ ಪರೀಕ್ಷೆಯೂ ಆಜ್ಞೆಯನ್ನು ಒಂದೇ ಸಲ ಓಡಿಸುತ್ತಿತ್ತು. ಮನುಷ್ಯರು ಹಾಗೆ ಮಾಡುವುದಿಲ್ಲ, ಒತ್ತಿದ ಕೀಯನ್ನೇ ಮತ್ತೆ ಮತ್ತೆ ಒತ್ತುತ್ತಾರೆ.

ಹಾಗಾಗಿ ದೋಷಕ್ಕಿಂತ ಮೊದಲು ಪರೀಕ್ಷೆಯ ರೀತಿಯನ್ನು ಬದಲಿಸಲು ಕುಳಿತೆ. ಪಠ್ಯದೊಳಗೇ ಕರ್ಸರ್ ಇರುವ ಜಾಗಕ್ಕೆ ಒಂದು ಗುರುತು ಹಾಕುವುದು; ಪರೀಕ್ಷೆ ಶುರುವಾಗುವಾಗ ಗುರುತನ್ನು ತೆಗೆದು ಅಲ್ಲಿ ಕರ್ಸರ್ ಇಡುವುದು; ಆಜ್ಞೆ ಮುಗಿದ ಮೇಲೆ ಕರ್ಸರ್ ಇರುವಲ್ಲಿ ಗುರುತನ್ನು ಮತ್ತೆ ಸೇರಿಸಿ ಹೋಲಿಸುವುದು. ಎಡಿಟರ್ ಕಟ್ಟುವವರಲ್ಲಿ ಇದು ಹಳೆಯ ಉಪಾಯ. ಅವರ ವಾಡಿಕೆಯಂತೆ ನಾನೂ ನಿಲುವುಗೆರೆಯನ್ನೇ (|) ಗುರುತಾಗಿ ಇಟ್ಟುಕೊಂಡೆ. ಇಂಗ್ಲಿಷ್ ಸಾಲುಗಳಲ್ಲಿ ಚೆನ್ನಾಗಿ ನಡೆಯಿತು. ಅತ್ತಿಗೆಯ ಒಂದು ನಿಜವಾದ ಪತ್ರಿಕೆಯನ್ನು ತಂದು ಹಾಕಿದ ತಕ್ಷಣ ಎಲ್ಲ ಪರೀಕ್ಷೆಗಳೂ ಮಗುಚಿಬಿದ್ದವು. ಅರ್ಧ ದಿನ ಹುಡುಕಿದೆ. ಕೊನೆಗೆ ನೋಡಿದರೆ, ಅವರು ‘ಚಿ|| ರಾ||’ ಎಂದು ಟೈಪ್ ಮಾಡಿದ್ದರು. ಮದುಮಗನ ಹೆಸರಿಗಿಂತ ಮುಂಚೆಯೇ ನಾಲ್ಕು ಕರ್ಸರ್‌ಗಳು! ಸರಿಯಾದ ಎರಡು ದಂಡದ ಗುರುತು ಯೂನಿಕೋಡಿನಲ್ಲಿದೆ, ದೇವನಾಗರಿ ವಿಭಾಗದಲ್ಲಿಟ್ಟು ಭಾರತದ ಎಲ್ಲ ಲಿಪಿಗಳಿಗೂ ಅದನ್ನೇ ಬಳಸಲು ಬಿಟ್ಟಿದ್ದಾರೆ, ಆದರೆ ಅದನ್ನು ಹುಡುಕಿ ಒತ್ತುವವರು ಯಾರು? ನಾನು ಗುರುತನ್ನು ^ ಎಂದು ಬದಲಿಸಿಕೊಂಡೆ. ಲಗ್ನಪತ್ರಿಕೆಯಲ್ಲಿ ಅದು ಬರುವುದಿಲ್ಲ.

ಆ ಗುರುತು ಬಂದ ಮೇಲೆ ಸಾಲು ಸರಿಸುವ ಆಜ್ಞೆಯಲ್ಲಿ ಇನ್ನೊಂದು ದೋಷ ತಾನಾಗಿ ಹೊರಬಿತ್ತು. ಕಡತದ ಕೊನೆಯ ಸಾಲಿನ ತುದಿಯಲ್ಲಿ ಸಾಲು ಮುರಿಯುವ ಗುರುತು ಇರಬೇಕೆಂದಿಲ್ಲ. ಅಂತಹ ಸಾಲನ್ನು ಮೇಲಕ್ಕೆ ತಂದರೆ ಅದು ಕೆಳಗಿನ ಸಾಲಿಗೆ ಅಂಟಿಕೊಂಡು, ಇಬ್ಬರು ನೆಂಟರು ಒಂದೇ ಹೆಸರಾಗುತ್ತಿದ್ದರು. ಅದು ನೋಟ್‌ಬುಕ್ಕಿನ ಮೂರನೆಯ ದೂರು. ಸರಿಪಡಿಸಿದೆ, ಹೆಚ್ಚು ಹೇಳುವಂಥದ್ದಿಲ್ಲ.

ಎರಡನೆಯ ದೂರಿಗೆ ನಾನೂ ಅತ್ತಿಗೆಯೂ ಎರಡು ದಿನ ಜಗಳವಾಡಿದೆವು. ಸಾಲಿನ ನಕಲು ತೆಗೆಯುವ ಆಜ್ಞೆ ಅದು. ಅವರು ‘ಶ್ರೀಮತಿ ಮತ್ತು ಶ್ರೀ’ ಎಂದು ಶುರುವಾಗುವ ಒಂದು ಸಾಲನ್ನು ಬರೆದು, ಅದನ್ನೇ ನಕಲು ಮಾಡುತ್ತಾ ಹೆಸರನ್ನಷ್ಟೇ ಬದಲಿಸುತ್ತಾ ಹೋಗುತ್ತಾರೆ. “ನಕಲು ಮಾಡಿದರೆ ಕರ್ಸರ್ ಒಮ್ಮೆ ಕೆಳಗೆ ಹೋಗುತ್ತದೆ, ಒಮ್ಮೆ ಮೇಲೆಯೇ ಇರುತ್ತದೆ. ನೋಡದೆ ತಿದ್ದಿದರೆ ಮೂಲವೇ ಕೆಡುತ್ತದೆ” ಎನ್ನುವುದು ಅವರ ಮಾತು. ನಾನು ಹತ್ತು ಸಲ ಮಾಡಿ ನೋಡಿದೆ. ಹತ್ತೂ ಸಲ ಮೇಲೆಯೇ ಇತ್ತು. “ಒಂದೇ ರೀತಿ ಇದೆಯಲ್ಲ ಅತ್ತಿಗೆ” ಎಂದೆ. ಅವರು ಮಾಡಿ ತೋರಿಸಿದರು, ಕೆಳಗೆ ಹೋಯಿತು. ನಾನು ಮಾಡಿದೆ, ಮೇಲೆ ಉಳಿಯಿತು. ಅಣ್ಣ ಒಳಗಿನಿಂದ ಬಂದು ಇಬ್ಬರ ಬೆರಳುಗಳನ್ನೂ ನೋಡಿ, “ಕಂಪ್ಯೂಟರ್ ಮನೆಯವರನ್ನು ಗುರುತು ಹಿಡಿಯುತ್ತದೆ” ಎಂದು ಹೇಳಿ ಹೋದ.

ವ್ಯತ್ಯಾಸ ಬೆರಳಿನಲ್ಲಿರಲಿಲ್ಲ, ಕರ್ಸರ್ ನಿಂತ ಜಾಗದಲ್ಲಿತ್ತು. ಅತ್ತಿಗೆ ಆಗಷ್ಟೇ ಸಾಲು ಬರೆದು ಮುಗಿಸಿರುತ್ತಾರೆ, ಅವರ ಕರ್ಸರ್ ಯಾವಾಗಲೂ ಸಾಲಿನ ತುದಿಯಲ್ಲಿ. ನಾನು ಪರೀಕ್ಷಿಸುವವನು, ಸಾಲಿನ ನಡುವೆ ಎಲ್ಲೋ ಕ್ಲಿಕ್ ಮಾಡಿರುತ್ತೇನೆ. ಆಜ್ಞೆ ನಕಲನ್ನು ಸೇರಿಸುವುದು ಸಾಲಿನ ತುದಿಯಲ್ಲಿ. ಹೀಗೆ ಹೊಸ ಪಠ್ಯ ಒಂದು ಜಾಗದಲ್ಲಿ ಸೇರಿದಾಗ ಅದಕ್ಕಿಂತ ಮುಂಚಿನ ಸ್ಥಾನಗಳು ಹಾಗೆಯೇ ಉಳಿಯುತ್ತವೆ, ಆಚೆಗಿನವು ಅಷ್ಟು ದೂರ ಸರಿಯುತ್ತವೆ. ಸರಿಯಾಗಿ ಆ ಜಾಗದಲ್ಲೇ ನಿಂತಿರುವ ಕರ್ಸರ್ ಏನು ಮಾಡಬೇಕು? ಅದಕ್ಕೆ ಸಹಜವಾದ ಉತ್ತರವೇ ಇಲ್ಲ. ಯಾರಾದರೂ ಒಂದು ತೀರ್ಮಾನ ಕೊಡಬೇಕು. ಈ ಎಡಿಟರಿನಲ್ಲಿ ಅಂತಹ ಕರ್ಸರನ್ನು ಹೊಸ ಪಠ್ಯದ ಆಚೆಗೆ ತಳ್ಳುವ ಸಾಮಾನ್ಯ ನಿಯಮವಿತ್ತು. ಟೈಪ್ ಮಾಡುವಾಗ ಅದು ಬೇಕೇ ಬೇಕು, ಇಲ್ಲದಿದ್ದರೆ ಬರೆದ ಅಕ್ಷರದ ಹಿಂದೆಯೇ ಕರ್ಸರ್ ಉಳಿದುಬಿಡುತ್ತದೆ. ಅದೇ ನಿಯಮ ನಕಲಿನ ಆಜ್ಞೆಗೂ ಯಾರಿಗೂ ಗೊತ್ತಾಗದಂತೆ ಅನ್ವಯವಾಗಿತ್ತು. ತುದಿಯಲ್ಲಿದ್ದವರು ನಕಲಿನ ತುದಿಗೆ ಹಾರುತ್ತಿದ್ದರು, ನಡುವೆ ಇದ್ದವರು ಮೂಲದಲ್ಲೇ ಉಳಿಯುತ್ತಿದ್ದರು.

ಹಾಗಾದರೆ ಯಾವುದು ಸರಿ? ನನಗೆ ಮೂಲದಲ್ಲಿ ಉಳಿಯುವುದೇ ಸರಿ ಎನಿಸಿತ್ತು. ಅತ್ತಿಗೆ ಒಂದೇ ವಾಕ್ಯದಲ್ಲಿ ಮುಗಿಸಿದರು: “ನಕಲು ಮಾಡುವುದೇ ನಕಲನ್ನು ತಿದ್ದುವುದಕ್ಕಲ್ಲವೇ?” ಕರ್ಸರ್ ಎಲ್ಲೇ ಇದ್ದರೂ ನಕಲಿನ ಅದೇ ಜಾಗಕ್ಕೆ ಹೋಗಬೇಕು ಎಂದು ಆಜ್ಞೆಯೊಳಗೇ ಬರೆದೆ, ಸಾಮಾನ್ಯ ನಿಯಮದ ಕೈಗೆ ಬಿಡಲಿಲ್ಲ.

ಮುಂದಿನ ದೂರುಗಳಿಗೆ ಕಾರಣ ಒಂದೇ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಕನ್ನಡದ ಸಾಲಿನಿಂದ ಕೆಳಗಿನ ಇಂಗ್ಲಿಷ್ ವಿಳಾಸದ ಸಾಲಿಗೆ ಇಳಿದರೆ ಕರ್ಸರ್ ಬಲತುದಿಗೆ ಹಾರುತ್ತದೆ, ಬಾಣದ ಕೀ ಒತ್ತಿದರೆ ‘ಶ್ರೀ’ಯ ಹೊಟ್ಟೆಯೊಳಗೆ ನಿಲ್ಲುತ್ತದೆ, ಡಿಲೀಟ್ ಒತ್ತಿದರೆ ಅಕ್ಷರ ಹೋಗಿ ಚುಕ್ಕಿಚುಕ್ಕಿಯ ವೃತ್ತ ಬರುತ್ತದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಫಂಕ್ಷನ್ ಹುಡುಕಿದೆ. ಕೊನೆಗೆ ಒಂದು ಹಾಳೆಯ ಮೇಲೆ ‘ಶ್ರೀಮತಿ ಮತ್ತು ಶ್ರೀ’ ಎಂದು ಬರೆದು ಎಣಿಸಿದೆ.

ಕಣ್ಣಿಗೆ ಕಾಣುವ ಅಕ್ಷರಗಳು ಆರು: ಶ್ರೀ, ಮ, ತಿ, ಮ, ತ್ತು, ಶ್ರೀ. ಎರಡು ಖಾಲಿ ಜಾಗ ಸೇರಿಸಿದರೆ 8. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಒಂದೊಂದು ಶ್ರೀಯೂ ನಾಲ್ಕು: ಶ, ವಿರಾಮದ ಗುರುತು (ವ್ಯಂಜನದ ಸ್ವರವನ್ನು ತೆಗೆಯುವ ‘್’), ರ, ದೀರ್ಘ ಈ ಗುರುತು. ಒಟ್ಟು 18. ಕಡತದಲ್ಲಿ ಉಳಿಯುವುದು ಯುಟಿಎಫ್-8 ಎಂಬ ರೂಪದಲ್ಲಿ, ಬೈಟ್ ಎಂಬ ಸಣ್ಣ ತುಂಡುಗಳಾಗಿ. ಅಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಖಾಲಿ ಜಾಗಕ್ಕೆ ಒಂದು. ಹದಿನಾರು ಮೂರಲ ನಲವತ್ತೆಂಟು, ಮೇಲೆ ಎರಡು: 50. ಸಾಲಿನ ತುದಿ ಎಂಬ ಒಂದೇ ಜಾಗಕ್ಕೆ 8, 18, 50 ಎಂಬ ಮೂರು ವಿಳಾಸಗಳು.

ಎಡಿಟರ್ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಅಲ್ಲಿ ಪಠ್ಯದ ಉದ್ದ ಕೇಳಿದರೆ ಸಿಗುವುದು ಬೈಟ್ ಲೆಕ್ಕ. ಕೆಳಗೆ ಇಳಿಯುವ ಆಜ್ಞೆಯನ್ನು ಬರೆದವರು ಅದನ್ನೇ ನಂಬಿದ್ದರು. ಎಡ-ಬಲಕ್ಕೆ ಸರಿಯುವ ಆಜ್ಞೆ ಇನ್ನೊಬ್ಬರದು, ಅವರು ಬೇರೆಯವರು ಬರೆದಿಟ್ಟ ಒಂದು ಸಿದ್ಧ ಕೋಡ್ ಲೈಬ್ರರಿ ಬಿಡಿಸಿಕೊಡುವ ಅಕ್ಷರಗುಚ್ಛಗಳನ್ನು ಎಣಿಸಿದ್ದರು. ಡಿಲೀಟ್, ಶಿಫ್ಟ್ ಹಿಡಿದು ಆಯ್ಕೆ ಮಾಡುವುದು, ಎರಡು ಅಕ್ಷರ ಅದಲುಬದಲು ಮಾಡುವುದು, ಈ ಮೂರರಲ್ಲೂ ಸಂಕೇತಗಳ ಲೆಕ್ಕ. ಇಂಗ್ಲಿಷಿನಲ್ಲಿ ಮೂರು ಲೆಕ್ಕವೂ ಒಂದೇ ಉತ್ತರ ಕೊಡುವುದರಿಂದ ಯಾರಿಗೂ ಅನುಮಾನ ಬಂದಿಲ್ಲ. ನಮ್ಮ ಮಂಡಿಯಲ್ಲಿ ಒಬ್ಬ ಸೇರಿನಲ್ಲಿ, ಒಬ್ಬ ಕಿಲೋದಲ್ಲಿ, ಮತ್ತೊಬ್ಬ ಚೀಲದಲ್ಲಿ ಹೇಳಿ, ಬರೆದುಕೊಳ್ಳುವವನು ಬರೀ ಅಂಕಿಯನ್ನು ಬರೆದುಕೊಂಡರೆ ಏನಾಗುತ್ತದೆಯೋ ಅದೇ ಆಗಿತ್ತು.

ಕೆಳಗೆ ಇಳಿಯುವ ದೋಷವನ್ನು ಮೊದಲು ಹಿಡಿದೆ. 50ರ ಬದಲು 8 ಎಂದು ಇಟ್ಟೆ. ಉತ್ತಮವಾಯಿತು, ಆದರೆ ಸರಿಯಾಗಲಿಲ್ಲ. ‘ಶ್ರೀ’ಯ ಅಗಲ ಎಷ್ಟು, ಇಂಗ್ಲಿಷಿನ ಐ ಅಕ್ಷರದ ಅಗಲ ಎಷ್ಟು! ಎಂಟನೆಯ ಅಕ್ಷರದಿಂದ ಎಂಟನೆಯ ಅಕ್ಷರಕ್ಕೆ ಇಳಿದರೆ ಕರ್ಸರ್ ಕುಡಿದವನಂತೆ ಎಡಕ್ಕೆ ವಾಲುತ್ತಿತ್ತು. ನೇರವಾಗಿ ಇಳಿಯಬೇಕೆಂದರೆ ಈ ಮೂರು ಅಂಕಿಗಳೂ ಬೇಡ, ಪರದೆಯ ಎಡ ಅಂಚಿನಿಂದ ಕರ್ಸರ್ ಎಷ್ಟು ಪಿಕ್ಸೆಲ್ (ಪರದೆಯ ಚುಕ್ಕಿ) ದೂರದಲ್ಲಿದೆ ಎಂಬುದೇ ಬೇಕು. ಅದನ್ನು ನೆನಪಿಟ್ಟುಕೊಂಡು ಇಳಿದರೆ, ನಡುವೆ ಒಂದು ಗಿಡ್ಡ ಸಾಲು ಬಂದರೂ ಮುಂದಿನ ಉದ್ದ ಸಾಲಿನಲ್ಲಿ ಕರ್ಸರ್ ತನ್ನ ಹಳೆಯ ನೇರಕ್ಕೇ ಬರುತ್ತದೆ. ಒಂದೇ ಎಚ್ಚರಿಕೆ: ಸಾಲನ್ನು ತಿದ್ದಿದ ಕ್ಷಣ ಆ ನೆನಪನ್ನು ಅಳಿಸಬೇಕು. ನಾನು ಮರೆತೆ. ಅತ್ತಿಗೆ ಸಾಲಿನ ಮೊದಲಿಗೆ ಒಂದು ಪದ ಸೇರಿಸಿ ಕೆಳಗೆ ಒತ್ತಿದರೆ ಕರ್ಸರ್ ಎರಡು ನಿಮಿಷದ ಹಿಂದಿನ ಜಾಗಕ್ಕೆ ಓಡಿತು. ಅದು ಎಡಿಟರಿನ ತಪ್ಪಲ್ಲ, ನನ್ನದು ಎಂದು ಒಪ್ಪಿಕೊಂಡೆ. ಅವರು ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡರು.

ಇನ್ನು ಶ್ರೀಯ ಹೊಟ್ಟೆ. ಇದು ಲಘುವಾದ ದೂರಲ್ಲ. ವೈಶಾಖದಲ್ಲೇ ಒಂದು ಪತ್ರಿಕೆಯ ಪ್ರೂಫಿನಲ್ಲಿ ‘ಶ್ ರೀಮತಿ’ ಎಂದು ಬಂದಿತ್ತು. ಕರ್ಸರ್ ಅಕ್ಷರದ ಮುಂದಿದೆ ಎಂದುಕೊಂಡು ಸ್ಪೇಸ್ ಒತ್ತಿದ್ದರು, ಅದು ಒಳಗಿತ್ತು. ಅಪ್ಪ ಕನ್ನಡಕ ಹಾಕಿ ಓದಿ ಹಿಡಿದಿದ್ದರಿಂದ ಅಚ್ಚಿಗೆ ಹೋಗಲಿಲ್ಲ.

ಎಡ-ಬಲದ ಆಜ್ಞೆ ಬಳಸುತ್ತಿದ್ದ ಲೈಬ್ರರಿ ಯೂನಿಕೋಡಿನ ಅಧಿಕೃತ ನಿಯಮವನ್ನೇ ಪಾಲಿಸುತ್ತಿತ್ತು. ಆ ನಿಯಮದಲ್ಲಿ ವ್ಯಂಜನಕ್ಕೆ ಅಂಟುವ ಗುರುತುಗಳು ವ್ಯಂಜನದ ಜೊತೆ ಹೋಗುತ್ತವೆ, ಆದರೆ ವಿರಾಮದ ನಂತರದ ವ್ಯಂಜನ ಹೊಸ ಗುಚ್ಛ ಶುರುಮಾಡುತ್ತದೆ. ಹಾಗಾಗಿ ಶ್ರೀ ಎಂದರೆ ಶ್ ಒಂದು, ರೀ ಒಂದು. ಸ್ತ್ರೀ ಎಂದರೆ ಮೂರು. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಇದಕ್ಕೆಂದೇ ಹೊಸ ನಿಯಮ ಸೇರಿಸಿ, ಒತ್ತಕ್ಷರವನ್ನು ಇಡಿಯಾಗಿ ಹಿಡಿಯುವ ವ್ಯವಸ್ಥೆ ಮಾಡಿದರು. ಓದುತ್ತಿದ್ದಂತೆ ಖುಷಿಯಾಯಿತು, ಲೈಬ್ರರಿಯ ಹೊಸ ಆವೃತ್ತಿ ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡೆ. ಹಾಕಿದೆ, ಏನೂ ಬದಲಾಗಲಿಲ್ಲ. ನಿಯಮದ ಪಟ್ಟಿಯನ್ನು ಪೂರ್ತಿ ಓದಿದೆ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆರು ಲಿಪಿಗಳು, ಕನ್ನಡ ಇಲ್ಲ. ಒಂದು ಪಕ್ಕ ತೆಲುಗು ಇದೆ, ಇನ್ನೊಂದು ಪಕ್ಕ ಮಲಯಾಳಂ ಇದೆ, ನಡುವೆ ನಮ್ಮ ಕುರ್ಚಿ ಖಾಲಿ. ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದ ನೆಂಟನ ಸಂಕಟ ಆ ರಾತ್ರಿ ನನಗೆ ಸ್ವಲ್ಪ ಅರ್ಥವಾಯಿತು.

ಆದ್ದರಿಂದ ಕನ್ನಡಕ್ಕೆ ನಾನೇ ನಿಯಮ ಬರೆಯಬೇಕಾಯಿತು. ವಿರಾಮದ ನಂತರ ವ್ಯಂಜನ ಬಂದರೆ ಬಿಡಿಸಬಾರದು. ಇಷ್ಟೇ ಎಂದುಕೊಂಡೆ. ಕಾಣದ ಎರಡು ಗುರುತುಗಳು ದಾರಿಗೆ ಅಡ್ಡ ಬಂದವು. ‘ಬಸ್‌ಸ್ಟ್ಯಾಂಡ್’ ಎಂದು ಬರೆಯುವಾಗ ಮೊದಲ ಸ್ ಮುಂದಿನ ಸಕಾರಕ್ಕೆ ಒತ್ತಾಗದಂತೆ ತಡೆಯುವ ಅಗಲವಿಲ್ಲದ ಗುರುತೊಂದು ನಡುವೆ ಇರುತ್ತದೆ. ಅಲ್ಲಿ ಬಿಡಿಸಲೇಬೇಕು. ‘ರ‍್ಯಾಂಕ್’ ಬರೆಯುವಾಗ ಇನ್ನೊಂದು. ರಕಾರ ಅರ್ಕಾವೊತ್ತಾಗಿ ಯಕಾರದ ಬೆನ್ನು ಹತ್ತದೆ ತನ್ನ ಪೂರ್ಣರೂಪದಲ್ಲೇ ನಿಲ್ಲಲು, ರ ಮತ್ತು ವಿರಾಮದ ನಡುವೆ ಕೂಡಿಸುವ ಗುರುತನ್ನು ಇಡುತ್ತಾರೆ. ಅಲ್ಲಿ ಬಿಡಿಸಬಾರದು. ಊರಿನ ಕೋಚಿಂಗ್ ಕೇಂದ್ರಗಳ ಕರಪತ್ರಗಳೆಲ್ಲ ರ‍್ಯಾಂಕಿನಿಂದಲೇ ಶುರುವಾಗುವುದರಿಂದ ನಮಗೆ ಇದು ದಿನದ ಮಾತು. ಶಿಫ್ಟ್ ಹಿಡಿದು ಆ ಪದವನ್ನು ಆಯ್ಕೆ ಮಾಡುವಾಗ, ರ ದಾಟಿದ ಮೇಲೆ ಕೀ ಒತ್ತಿದರೂ ಆಯ್ಕೆ ಮುಂದೆ ಹೋಗುತ್ತಿರಲಿಲ್ಲ, ರೈಲ್ವೆ ಗೇಟು ಬಿದ್ದಾಗ ನಿಂತ ಆಟೋದ ಹಾಗೆ. ನಿಜಕ್ಕೂ ಅದು ಹೋಗುತ್ತಿತ್ತು, ಅಗಲವಿಲ್ಲದ ಗುರುತನ್ನು ದಾಟುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ ಅಷ್ಟೇ.

ಎಲ್ಲ ಆಜ್ಞೆಗಳೂ ಇನ್ನು ಮೇಲೆ ಅಕ್ಷರದ ಗಡಿ ಎಲ್ಲಿದೆ ಎಂದು ಒಂದೇ ಫಂಕ್ಷನ್ನನ್ನು ಕೇಳಬೇಕು ಎಂದು ಮಾಡಿದೆ. ಬಾಣ, ಡಿಲೀಟ್, ಆಯ್ಕೆ, ಅದಲುಬದಲು, ಬ್ಯಾಕ್‌ಸ್ಪೇಸ್, ಎಲ್ಲವೂ. ‘ಬಸ್‌ಸ್ಟ್ಯಾಂಡ್’ನಲ್ಲಿ ಹದಿಮೂರು ಸಂಕೇತಗಳಿವೆ, ಬಾಣ ನಾಲ್ಕೇ ಹೆಜ್ಜೆಯಲ್ಲಿ ದಾಟಿತು. ಆ ಸಂಜೆ ನರ್ಗಿಸ್ ಮಂಡಕ್ಕಿ ಮತ್ತು ಮೆಣಸಿನಕಾಯಿ ತಂದು ಎಲ್ಲರಿಗೂ ಕೊಟ್ಟೆ. ಅಷ್ಟು ಬೇಗ ಹಬ್ಬ ಮಾಡಬಾರದಿತ್ತು.

ಮರುದಿನ ಹತ್ತು ಗಂಟೆಗೆ ಅಟ್ಟದ ಮೆಟ್ಟಿಲ ಬಳಿ ಅತ್ತಿಗೆಯ ದನಿ. ಇಳಿದು ಬಂದೆ. ಪರದೆಯ ಮೇಲೆ ‘ಕೃ’ ಎಂದಷ್ಟೇ ಇತ್ತು.

“ಕೃಷ್ಣ ಎಂದು ಬರೆಯಬೇಕಿತ್ತು. ಕೈ ತಪ್ಪಿ ಕೃಷ್ಟ ಎಂದಾಯಿತು. ಟ ತೆಗೆಯಲು ಒಂದು ಬ್ಯಾಕ್‌ಸ್ಪೇಸ್ ಒತ್ತಿದೆ. ಷಕಾರವನ್ನೂ ನುಂಗಿತು.”

“ಅದು ಒಂದೇ ಅಕ್ಷರವಲ್ಲವೇ ಅತ್ತಿಗೆ? ಬಾಣ ಅದನ್ನು ಒಂದೇ ಹೆಜ್ಜೆಯಲ್ಲಿ ದಾಟುವಾಗ ಅಳಿಸುವುದೂ ಒಂದೇ...”

“ಗೋಡೆ ಕಟ್ಟುವಾಗ ಒಂದು ಇಟ್ಟಿಗೆ ಸೊಟ್ಟಗೆ ಕುಳಿತರೆ ಇಟ್ಟಿಗೆ ತೆಗೆಯುತ್ತಾರೆಯೋ, ಗೋಡೆಯನ್ನೇ ಕೆಡವುತ್ತಾರೆಯೋ?”

ನನ್ನ ಬಳಿ ಉತ್ತರವಿರಲಿಲ್ಲ. ಒಂದೇ ಅಳತೆಗೋಲು ಎಂಬ ನನ್ನ ಸಿದ್ಧಾಂತ ಕೇಳಲು ಅಂದವಾಗಿತ್ತು. ಆದರೆ ಟೈಪ್ ಮಾಡುವವರ ಬೆರಳು ಅಕ್ಷರವನ್ನು ಇಡಿಯಾಗಿ ಒತ್ತುವುದಿಲ್ಲ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಷ್ಟ ಬರೆಯಲು ಷ, ಒತ್ತು ಕೂಡಿಸುವ ಎಫ್ ಕೀ, ಆಮೇಲೆ ಟ, ಹೀಗೆ ಮೂರು ಸಲ ಒತ್ತಬೇಕು. ತಪ್ಪಾದದ್ದು ಕೊನೆಯದು. ಅದೊಂದು ಹೋದರೆ ‘ಷ್’ ಉಳಿಯುತ್ತದೆ, ಣ ಒತ್ತಿದರೆ ಕೃಷ್ಣ ಆಗುತ್ತಾನೆ. ಬ್ಯಾಕ್‌ಸ್ಪೇಸ್ ಎಂದರೆ ಬೆರಳು ಈಗಷ್ಟೇ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಡಿಲೀಟ್ ಹಾಗಲ್ಲ. ಅದು ಕರ್ಸರಿನ ಮುಂದಿರುವುದನ್ನು ತಿನ್ನುತ್ತದೆ, ಮೊದಲ ಸಂಕೇತವಾದ ಷಕಾರವನ್ನಷ್ಟೇ ತಿಂದರೆ ವಿರಾಮ ಅನಾಥವಾಗಿ ಚುಕ್ಕಿವೃತ್ತದ ಮೇಲೆ ಕುಳಿತುಕೊಳ್ಳುತ್ತದೆ. ಆದ್ದರಿಂದ ಡಿಲೀಟ್ ಇಡೀ ಅಕ್ಷರಕ್ಕೆ, ಬ್ಯಾಕ್‌ಸ್ಪೇಸ್ ಒಂದು ಸಂಕೇತಕ್ಕೆ. ಅದಕ್ಕೂ ಒಂದು ವಿನಾಯಿತಿ ಕೊಟ್ಟೆ: ಕಾಣದ ಗುರುತು ಸಿಕ್ಕರೆ ಅದರ ಜೊತೆಗೆ ಹಿಂದಿನ ಇನ್ನೊಂದನ್ನೂ ತೆಗೆಯಬೇಕು, ಒತ್ತಿದರೂ ಏನೂ ಆಗದಂತೆ ಕಾಣಬಾರದು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಎರಡು ಕೀಗಳ ಭೇದವನ್ನು ವಿವರಿಸುವುದು ಎಷ್ಟು ಕಷ್ಟವೆಂದು ಆಮೇಲೆ ತಿಳಿಯಿತು.

ಉಳಿದವು ಬೇಗ ಮುಗಿದವು. ಅನ್‌ಡೂ ಮಾಡಿದರೆ ಪಠ್ಯ ಹಿಂದಕ್ಕೆ ಬರುತ್ತಿತ್ತು, ಕರ್ಸರ್ ಬರುತ್ತಿರಲಿಲ್ಲ. ಪ್ರತಿ ಬದಲಾವಣೆಯ ಜೊತೆ ಅದರ ಹಿಂದಿನ ಹಾಗೂ ನಂತರದ ಕರ್ಸರ್ ಸ್ಥಾನಗಳನ್ನು ಉಳಿಸಿಟ್ಟರೆ ಸರಿಹೋಯಿತು. ಹಲವು ಕರ್ಸರ್‌ಗಳನ್ನಿಟ್ಟು ಹದಿನಾಲ್ಕು ಹೆಸರುಗಳ ಮುಂದೆ ಒಂದೇ ಸಲಕ್ಕೆ ‘ಶ್ರೀ’ ಮತ್ತು ಒಂದು ಖಾಲಿ ಜಾಗ ಸೇರಿಸಿದರೆ, ಎರಡನೆಯ ಹೆಸರಿನಲ್ಲಿ ಅದು 13 ಬೈಟ್ ಹಿಂದೆ, ಮೂರನೆಯದರಲ್ಲಿ 26 ಬೈಟ್ ಹಿಂದೆ ಬೀಳುತ್ತಿತ್ತು. ಮೇಲೆ ಸೇರಿದ್ದರಿಂದ ಕೆಳಗಿನವು ಸರಿದಿವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ಸೇರಿಸುತ್ತಾ ಬಂದರೆ ಆ ತಂಟೆಯೇ ಇಲ್ಲ. ಎರಡು ಸಾಲಿನ ಬದಲಾವಣೆ.

ಶ್ರಾವಣದ ಮೊದಲ ವಾರ ಎಲ್ಲವನ್ನೂ ಒಂದೇ ಕಟ್ಟು ಕಟ್ಟಿ ಎಡಿಟರ್ ನೋಡಿಕೊಳ್ಳುವವರಿಗೆ ಕಳಿಸಿದೆ. ಬಿಡಿಸಿ ಕಳಿಸಿ ಎಂದರು. ನ್ಯಾಯವೇ. ತಿದ್ದಿದ ಕೋಡಿನ ಆರು ಬಿಡಿ ತುಂಡುಗಳಾಗಿ, ಅಂದರೆ ಪ್ಯಾಚ್‌ಗಳಾಗಿ ಬಿಡಿಸಿದೆ. ಸಾಲು ಸರಿಸುವುದು, ನಕಲು, ಅನ್‌ಡೂ, ಹಲವು ಕರ್ಸರ್, ಈ ನಾಲ್ಕನ್ನು ಹತ್ತು ದಿನದಲ್ಲಿ ಸೇರಿಸಿಕೊಂಡರು. ಕೆಳಗೆ ಇಳಿಯುವ ಪಿಕ್ಸೆಲ್ ಲೆಕ್ಕಕ್ಕೆ ಎರಡು ತಿದ್ದುಪಡಿ ಕೇಳಿ ಆಮೇಲೆ ಸೇರಿಸಿದರು. ಕನ್ನಡದ ಒತ್ತಕ್ಷರದ ಪ್ಯಾಚ್ ಇನ್ನೂ ಕಾಯುತ್ತಿದೆ. ಅದನ್ನು ನೋಡಿದವರಿಗೆ ನಮ್ಮ ಲಿಪಿ ಓದಲು ಬರುವುದಿಲ್ಲ. ಯೂನಿಕೋಡ್ ಪಟ್ಟಿಯಲ್ಲಿಲ್ಲದ ಲಿಪಿಗೆ ತಾವಾಗಿ ನಿಯಮ ಸೇರಿಸುವುದು ಸರಿಯೇ ಎಂಬುದು ಅವರ ಅನುಮಾನ. ಮುಂದೆ ಪಟ್ಟಿಗೆ ಕನ್ನಡ ಸೇರಿದರೆ ಈ ತುಂಡನ್ನು ಕಿತ್ತುಹಾಕುವುದು ಸುಲಭ ಎಂದು ತೋರಿಸಿ ಬರೆದಿದ್ದೇನೆ. ಅಲ್ಲಿಯವರೆಗೆ ಅಂಗಡಿಯ ಯಂತ್ರದಲ್ಲಿ ಓಡುವುದು ನಾನು ಇಲ್ಲೇ ಕಟ್ಟಿದ ಪ್ರತಿ.

ಶ್ರಾವಣದ ಲಗ್ನಗಳ ಕೆಲಸ ಶುರುವಾಯಿತು. ನೋಟ್‌ಬುಕ್ಕಿನ ಎಂಟೂ ಅಂಕಿಗಳ ಮೇಲೆ ಅತ್ತಿಗೆ ಕೆಂಪು ಗೆರೆ ಎಳೆದರು. ಒಂದು ವಾರ ಸದ್ದಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕರೆದರು. ಪರದೆಯ ಮೇಲೆ ‘ಧರ್ಮ’ ಎಂಬ ಪದ, ಕರ್ಸರ್ ಅದರ ಕೊನೆಯಲ್ಲಿ.

“ಇಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದರೆ ಏನು ಹೋಗಬೇಕು?”

“ಕೊನೆಯದು.”

“ಕೊನೆಯದು ಯಾವುದು?”

ನೋಡಿದೆ. ಕೊನೆಯಲ್ಲಿ ಕಾಣುವುದು ಅರ್ಕಾವೊತ್ತು. ಅವರು ಒತ್ತಿದರು. ಮ ಹೋಯಿತು, ‘ಧರ್’ ಉಳಿಯಿತು. ಕಡತದಲ್ಲಿ ರಕಾರ ಮೊದಲು, ಮಕಾರ ಆಮೇಲೆ. ಕಾಗದದ ಮೇಲೆ ಮಕಾರ ಮೊದಲು, ರಕಾರ ಅದರ ಬಲಕ್ಕೆ. ಉಚ್ಚಾರಣೆಯಲ್ಲಿ ರ ಮೊದಲು ಬರುತ್ತದೆ, ಟೈಪ್ ಮಾಡುವಾಗಲೂ ಮೊದಲು ಒತ್ತುತ್ತೇವೆ ಎಂದು ವಿವರಿಸಲು ಹೊರಟೆ.

“ಕೈಯಲ್ಲಿ ಬರೆಯುವಾಗ ನಾನು ಮ ಬರೆದ ಮೇಲೆಯೇ ಅರ್ಕಾವೊತ್ತು ಎಳೆಯುತ್ತೇನೆ” ಎಂದರು ಅತ್ತಿಗೆ.

ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದ ಅಪ್ಪ ತಲೆ ಎತ್ತದೆಯೇ ಹೇಳಿದರು: “ಮೊಳೆ ಜೋಡಿಸುವಾಗಲೂ ಅಷ್ಟೇ. ಅಕ್ಷರ ಇಟ್ಟು, ಅದರ ಬಲಕ್ಕೆ ಅರ್ಕಾವೊತ್ತಿನ ಮೊಳೆ.”

ಅತ್ತಿಗೆ ನೋಟ್‌ಬುಕ್ ತೆರೆದು ಒಂಬತ್ತು ಎಂದು ಬರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟರು.